ಹಾರ್ಟ್ ಫೇಲ್ಯೂರ್ ಇರುವವರ ಸಿಆರ್‌ಪಿ ರಿಪೋರ್ಟ್ ಓದುವುದು ಹೇಗೆ?

ಹಾರ್ಟ್ ಫೇಲ್ಯೂರ್ ಎಂದರೆ ಹೃದಯ ಮೈಗೆ ಬೇಕಾದಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ. ಸಿಆರ್‌ಪಿ ಎಂದರೆ ಮೈಯಲ್ಲಿ ಉರಿಯೂತ (ಇನ್‌ಫ್ಲಮೇಶನ್) ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನು. ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ದಪ್ಪಕ್ಷರದ ಅಂಕಿಯ ಮೇಲೆ. ಪಕ್ಕದ ಅಳತೆಯನ್ನು (ಯೂನಿಟ್) ನೋಡುವವರೇ ಕಡಿಮೆ. ಗಾಬರಿ ಹುಟ್ಟುವುದೇ ಅಲ್ಲಿ.

ಮೊದಲು ಪರೀಕ್ಷೆಯ ಹೆಸರು ನೋಡಿ. ಹೃದಯದ ವಿಷಯಕ್ಕೆ ಬೇಕಾದದ್ದು ಎಚ್‌ಎಸ್-ಸಿಆರ್‌ಪಿ, ಅಂದರೆ ತೀರಾ ಕಡಿಮೆ ಪ್ರಮಾಣವನ್ನೂ ಹಿಡಿಯುವ ಸೂಕ್ಷ್ಮ ಪರೀಕ್ಷೆ. ಸಣ್ಣ ಏರುಪೇರು ಸಾದಾ ಸಿಆರ್‌ಪಿಗೆ ಸಿಗುವುದಿಲ್ಲ.

ಆಮೇಲೆ ಹಳೆಯ ರಿಪೋರ್ಟಿನ ಜತೆ ಹೋಲಿಸಿ. ಜನ ಎಡವುವುದು ಇಲ್ಲೇ. ಒಂದು ಲ್ಯಾಬ್ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆದರೆ, ಇನ್ನೊಂದು ಡೆಸಿಲೀಟರಿಗೆ ಇಷ್ಟು ಎಂದು ಬರೆಯುತ್ತದೆ. ಹತ್ತು ಡೆಸಿಲೀಟರ್ ಸೇರಿದರೆ ಒಂದು ಲೀಟರ್. ಹಾಗಾಗಿ ಡೆಸಿಲೀಟರಿನ 0.4, ಲೀಟರಿನ 4 ಎರಡೂ ಒಂದೇ. ಏನೂ ಏರಿಲ್ಲ! ಎಲ್ಲವನ್ನೂ ಲೀಟರ್ ಲೆಕ್ಕಕ್ಕೆ ತಂದುಕೊಂಡು, ಪ್ರತಿ ಅಂಕಿಯ ಪಕ್ಕ ತಾರೀಖು ಬರೆದಿಡಿ. ರಕ್ತ ಕೊಟ್ಟ ದಿನ ಜ್ವರ, ಕೆಮ್ಮು, ವಸಡಿನ ಕೀವು, ಕಾಲಿನ ಹುಣ್ಣು ಏನಾದರೂ ಇತ್ತಾ? ಅದನ್ನೂ ಬರೆಯಿರಿ. ಸೋಂಕು ತಗುಲಿದರೆ ಲಿವರ್ ಒಂದೆರಡು ದಿನದಲ್ಲೇ ಸಿಆರ್‌ಪಿಯನ್ನು ಹತ್ತಾರು ಪಟ್ಟು ಏರಿಸಿಬಿಡುತ್ತದೆ. ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಹೃದಯವನ್ನು ದೂರುವ ಮೊದಲು ಸೋಂಕು ಹುಡುಕಿಸಿ. ವಾಸಿಯಾಗಿ ಎರಡು ವಾರ ಕಳೆದ ಮೇಲೆ ಮತ್ತೆ ಮಾಡಿಸಿ, ಅದೂ ಅದೇ ಲ್ಯಾಬಿನಲ್ಲಿ.

ಉರಿಯೂತ ಅಳೆಯುವ ಇನ್ನೊಂದು ರಕ್ತ ಪರೀಕ್ಷೆಯಾದ ಇಎಸ್‌ಆರ್ ನಂಬಿ ಕೂರಬೇಡಿ, ಹಾರ್ಟ್ ಫೇಲ್ಯೂರ್‌ನಲ್ಲಿ ಅದು ಕಡಿಮೆಯೂ ಬರಬಹುದು. ಮೈಯಲ್ಲಿನ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ಕೂಡ ಹಾಗೇ ಮೋಸ ಮಾಡುತ್ತದೆ. ಉರಿಯೂತ ಇದ್ದಾಗ ಅದು ಏರುವುದರಿಂದ ಕಬ್ಬಿಣದ ಕೊರತೆ ಮುಚ್ಚಿಹೋಗುತ್ತದೆ. ಕಬ್ಬಿಣದ ಇನ್ನೊಂದು ರಕ್ತ ಪರೀಕ್ಷೆಯಾದ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಕೂಡ ನೋಡಬೇಕಾ ಎಂದು ಡಾಕ್ಟರನ್ನು ಕೇಳಿ.

ಸೋಂಕಿಲ್ಲದೆಯೂ ಸಿಆರ್‌ಪಿ ಜಾಸ್ತಿಯೇ ಉಳಿದರೆ? ಅಂಥವರು ಆಸ್ಪತ್ರೆ ಸೇರುವುದು, ಸಾಯುವುದು ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಅದು ಗುಂಪಿನ ಲೆಕ್ಕ, ನಿಮ್ಮ ಮನೆಯ ರೋಗಿಯ ಜಾತಕವಲ್ಲ. ಬೊಜ್ಜು, ಸಿಗರೇಟು ಕೂಡ ಅಂಕಿಯನ್ನು ಏರಿಸುತ್ತವೆ.

ಹಾಗಾದರೆ ಉರಿಯೂತ ಇಳಿಸುವ ಔಷಧಿ ಕೊಟ್ಟರೆ ಆಯ್ತಲ್ವಾ? ಅಷ್ಟು ಸುಲಭವಿಲ್ಲ. ಉರಿಯೂತ ಹಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಇನ್‌ಫ್ಲಿಕ್ಸಿಮಾಬ್ ಅನ್ನು ಹಾರ್ಟ್ ಫೇಲ್ಯೂರ್ ರೋಗಿಗಳಿಗೆ ಕೊಟ್ಟು ನೋಡಿದ್ದರು. 2003ರಲ್ಲಿ ಫಲಿತಾಂಶ ಬಂತು: ಸಿಆರ್‌ಪಿ ಇಳಿದಿತ್ತು, ಆದರೆ ಹೆಚ್ಚು ಡೋಸ್ ಪಡೆದವರ ಸ್ಥಿತಿ ಕೆಟ್ಟಿತ್ತು. ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಗಳನ್ನಂತೂ ಸ್ವಂತ ಬುದ್ಧಿಯಿಂದ ನುಂಗಲೇಬೇಡಿ. ಅವು ಉಪ್ಪು-ನೀರನ್ನು ಮೈಯಲ್ಲೇ ಉಳಿಸುತ್ತವೆ. ‘ಉರಿಯೂತ ನಿವಾರಕ’ ಎಂದು ಬರೆದ ಪುಡಿ ಡಬ್ಬಿಗಳಿಗೆ ದುಡ್ಡು ಸುರಿಯುವುದು ದಂಡ.

ಡಾಕ್ಟರ ಮುಂದೆ ಸಿಆರ್‌ಪಿ ಒಂದನ್ನೇ ಇಡಬೇಡಿ, ಹೃದಯದ ಮೇಲಿನ ಒತ್ತಡ ತಿಳಿಸುವ ಎನ್‌ಟಿ-ಪ್ರೋಬಿಎನ್‌ಪಿ ಎಂಬ ರಕ್ತ ಪರೀಕ್ಷೆಯ ರಿಪೋರ್ಟನ್ನೂ ತೂಕ ಬರೆದ ಪುಸ್ತಕವನ್ನೂ ಒಯ್ಯಿರಿ. ಮೂರು ದಿನದಲ್ಲಿ ತೂಕ 2 ಕೆಜಿಗಿಂತ ಜಾಸ್ತಿ ಏರಿದರೆ ಸಿಆರ್‌ಪಿ ಎಷ್ಟೇ ಇರಲಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.