ಎಂಟು ನಿಮಿಷ, ಎಂಟು ಗಂಟೆ

ಕಿರಣದ ಡೋಸ್ ಒಂದೇ, 8 ಗ್ರೇ (ಗ್ರೇ ಅಂದರೆ ಹೀರಿಕೊಂಡ ಕಿರಣದ ಅಳತೆ). ಒಂದು ಫ್ಲಾಸ್ಕಿಗೆ 8 ನಿಮಿಷದಲ್ಲಿ, ಇನ್ನೊಂದಕ್ಕೆ 8 ಗಂಟೆಯಲ್ಲಿ. ಯಾವುದರಲ್ಲಿ ಹೆಚ್ಚು ಸೆಲ್ ಬದುಕುತ್ತವೆ? ಪಿಎಚ್‌ಡಿ ಶುರುವಿನಲ್ಲಿ ನಾನು ಮಾಡಲು ಹೊರಟ ಪ್ರಯೋಗ ಇಷ್ಟೇ. ಸೆಲ್‌ಗಳು ವಿ79, ಅಂದರೆ ಚೈನೀಸ್ ಹ್ಯಾಮ್‌ಸ್ಟರ್‌ನ ಶ್ವಾಸಕೋಶದವು. ಗಾಮಾ ಕಿರಣ ಕೋಬಾಲ್ಟ್-60ರದ್ದು.

ಡೋಸ್ ರೇಟ್, ಅಂದರೆ ಡೋಸ್ ಬೀಳುವ ವೇಗ, ಇಳಿಸಲು ಫ್ಲಾಸ್ಕನ್ನು ದೂರ ಇಟ್ಟರಾಯಿತು. 30 ಸೆಂ.ಮೀ. ದೂರದಲ್ಲಿ ನಿಮಿಷಕ್ಕೆ 1 ಗ್ರೇ ಇದ್ದರೆ, ಸುಮಾರು 2.3 ಮೀಟರ್‌ನಲ್ಲಿ ಗಂಟೆಗೆ 1 ಗ್ರೇ. ಆದರೆ ಗೋಡೆಗೆ ಬಡಿದು ಚದುರಿ ಬರುವ ಕಿರಣವೂ ಸೇರುತ್ತದೆ, ಹಾಗಾಗಿ ಲೆಕ್ಕ ನಂಬದೆ ಫ್ಲಾಸ್ಕ್ ಇಡುವ ಜಾಗದಲ್ಲೇ ಅಯಾನ್ ಚೇಂಬರ್ ಇಟ್ಟು ಅಳೆದೆ.

ಮೊದಲ ಸಲ ಕೆಟ್ಟಿದ್ದು ಬೇರೆ ಕಡೆ. ನಿಧಾನದ ಫ್ಲಾಸ್ಕನ್ನು ಎಸಿ ರೂಮಿನಲ್ಲಿ 8 ಗಂಟೆ ಹಾಗೇ ಬಿಟ್ಟೆ, ಕಿರಣ ಕೊಡದೆ ಹೋಲಿಕೆಗೆ ಇಟ್ಟ ಕಂಟ್ರೋಲ್ ಫ್ಲಾಸ್ಕ್ ಮಾತ್ರ ಇನ್‌ಕ್ಯುಬೇಟರ್‌ನಲ್ಲಿ ಬೆಚ್ಚಗಿತ್ತು. ಸಂಜೆ ನೋಡಿದರೆ ಕೆಂಪಗಿದ್ದ ಮೀಡಿಯಾ (ಸೆಲ್ ಬೆಳೆಸುವ ದ್ರವ) ನೇರಳೆಗೆ ತಿರುಗಿತ್ತು. ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಪಿಎಚ್ ಏರಿತ್ತು. ಬಂದ ಅಂಕಿ ಡೋಸ್ ರೇಟಿನದ್ದೋ, ಚಳಿಯದ್ದೋ, ಪಿಎಚ್‌ನದ್ದೋ ಹೇಳುವ ಹಾಗೇ ಇರಲಿಲ್ಲ. ಎಲ್ಲ ಕೈಬಿಟ್ಟೆ. ತುಂಬ ಬೇಜಾರಾಗಿತ್ತು.

ಬೆಚ್ಚಗಿಡುವುದು ಇಷ್ಟು ಮುಖ್ಯ ಯಾಕೆ ಅಂದರೆ, ಇಲ್ಲಿ ನಾವು ಅಳೆಯುತ್ತಿರುವುದೇ ಸೆಲ್‌ನ ರಿಪೇರಿಯನ್ನು, ಚಳಿಯಲ್ಲಿ ಅದು ನಿಧಾನವಾಗುತ್ತದೆ. ಡಿಎನ್‌ಎಗೆ ಬಿದ್ದ ಎಷ್ಟೋ ಪೆಟ್ಟು ಒಂಟಿಯಾಗಿ ಕೊಲ್ಲುವುದಿಲ್ಲ. ಅದು ವಾಸಿಯಾಗುವ ಮೊದಲೇ ಹತ್ತಿರದಲ್ಲಿ ಇನ್ನೊಂದು ಬಿದ್ದು, ಎರಡೂ ತಪ್ಪಾಗಿ ಬೆಸೆದುಕೊಂಡರೆ ಸೆಲ್ ಉಳಿಯುವುದು ಕಷ್ಟ. ಅಂಥ ಪೆಟ್ಟುಗಳಲ್ಲಿ ಅರ್ಧದಷ್ಟು ವಾಸಿಯಾಗಲು ಸುಮಾರು ಒಂದು ಗಂಟೆ ಸಾಕು. 1959ರಲ್ಲಿ ಎಲ್ಕೈಂಡ್ ಮತ್ತು ಸಟನ್ ಎಂಬ ಸಂಶೋಧಕರು ಡೋಸನ್ನು ಎರಡು ಕಂತಾಗಿ ಕೊಟ್ಟು, ನಡುವಿನ ಬಿಡುವಿನಲ್ಲಿ ಸೆಲ್ ಚೇತರಿಸಿಕೊಳ್ಳುವುದನ್ನು ತೋರಿಸಿದರು. ನಿಧಾನವಾಗಿ ಕೊಡುವ ಡೋಸ್ ಅಂದರೆ ಅದೇ ಕಂತುಗಳು, ಲೆಕ್ಕವಿಲ್ಲದಷ್ಟು ಸಣ್ಣವು, ಅಲ್ವಾ?

ಎರಡನೇ ಸಲ ಮೀಡಿಯಾಗೆ, ಪಿಎಚ್ ಏರದಂತೆ ಹಿಡಿದಿಡುವ ಹೆಪಿಸ್ ಬಫರ್ ಹಾಕಿ ಮುಚ್ಚಳ ಬಿಗಿ ಮಾಡಿದೆ. ಥರ್ಮೋಕೋಲ್ ಡಬ್ಬಕ್ಕೆ ಹೀಟಿಂಗ್ ಪ್ಯಾಡ್ ಕೂರಿಸಿ 37 ಡಿಗ್ರಿಗೆ ಇಟ್ಟೆ. ಕಂಟ್ರೋಲ್ ಕೂಡ ಅಂಥದೇ ಡಬ್ಬದಲ್ಲಿ, ಕಿರಣ ತಾಗದ ಕಡೆ. ವಿ79 ಅರ್ಧ ದಿನದಲ್ಲಿ ಎರಡರಷ್ಟಾಗುತ್ತದೆ, 8 ಗಂಟೆಯಲ್ಲಿ ಎಣಿಕೆಯೇ ಬದಲಾಗಿಬಿಡಬಹುದು. ಅದಕ್ಕೇ ಫ್ಲಾಸ್ಕ್ ತುಂಬಿ ಬೆಳವಣಿಗೆ ನಿಂತ ಸೆಲ್‌ಗಳನ್ನು ತೆಗೆದುಕೊಂಡೆ. ವೇಗದ ಫ್ಲಾಸ್ಕಿಗೆ ಕಿರಣ ಕೊಟ್ಟಿದ್ದು ಕೊನೆಯ 8 ನಿಮಿಷದಲ್ಲಿ, ಯಾಕೆಂದರೆ ಎರಡಕ್ಕೂ ಒಟ್ಟಿಗೇ ಟ್ರಿಪ್ಸಿನ್ (ಅಂಟಿಕೊಂಡ ಸೆಲ್‌ಗಳನ್ನು ಬಿಡಿಸುವ ಕಿಣ್ವ) ಹಾಕಬೇಕಿತ್ತು. ಡಿಶ್‌ಗೆ 1500 ಸೆಲ್ ಹಾಕಿ ಒಂದು ವಾರ ಕಾದೆ. ಆಮೇಲೆ ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ, 50 ಸೆಲ್‌ಗಿಂತ ಕಡಿಮೆ ಇರುವ ಗುಂಪು ಬಿಟ್ಟು ಎಣಿಸಿದೆ. ಒಂದೊಂದು ಗುಂಪೂ ಬದುಕುಳಿದ ಒಂದು ಸೆಲ್‌ನಿಂದ ಬೆಳೆದದ್ದು, ಕಣ್ಣಿಗೆ ಚುಕ್ಕೆಯಂತೆ ಕಾಣುತ್ತದೆ. ವೇಗದ ಡಿಶ್‌ನಲ್ಲಿ ನೂರರ ಆಸುಪಾಸು ಚುಕ್ಕೆ. ನಿಧಾನದ್ದರಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ! ಬೆಳಕಿಗೆ ಹಿಡಿದರೆ ಎಣಿಸದೆಯೇ ಗೊತ್ತಾಗುತ್ತಿತ್ತು.

ಹಾಗಂತ ನಿಧಾನ ಆದಷ್ಟೂ ಸಾವು ಕಡಿಮೆ ಅಂತ ಅಂದುಕೊಳ್ಳಬೇಡಿ. ಹೀಲಾ ಸೆಲ್‌ಗಳಲ್ಲಿ (ಮನುಷ್ಯರ ಕ್ಯಾನ್ಸರ್ ಸೆಲ್‌ಗಳು) ಗಂಟೆಗೆ 1.54 ಗ್ರೇಯಿಂದ 0.37ಕ್ಕೆ ಇಳಿಸಿದರೆ ಸಾವು ಜಾಸ್ತಿಯಾಗುತ್ತದೆ. ಆ ಕಡಿಮೆ ರೇಟಿನಲ್ಲಿ ಸೆಲ್‌ಗಳು ಬೆಳವಣಿಗೆಯ ಚಕ್ರದಲ್ಲಿ ಮುಂದೆ ಸಾಗಿ, ಇಬ್ಭಾಗವಾಗುವ ಮುಂಚಿನ ಜಿ2 ಹಂತದಲ್ಲಿ ಬಂದು ನಿಲ್ಲುತ್ತವೆ, ಅಲ್ಲಿ ಅವು ಕಿರಣಕ್ಕೆ ಬೇಗ ಬಲಿಯಾಗುತ್ತವೆ. ಅದಕ್ಕೇ ಹೀಲಾ ಕೈಗೆತ್ತಿಕೊಂಡಾಗ ತುಂಬಿದ ಫ್ಲಾಸ್ಕಿನ ಉಪಾಯ ಬಿಟ್ಟು, ಬೆಳೆಯುತ್ತಿರುವ ಸೆಲ್‌ಗಳನ್ನೇ ಇಟ್ಟೆ. ನಿಂತ ಸೆಲ್‌ಗಳಲ್ಲಿ ಇದು ಕಾಣುವುದೇ ಇಲ್ಲ.