ಜೀರಾ ಸೋಡಾದ ಜೆಲ್ಲಿ: ನನ್ನ ಅನುಭವ

ಜೆಲ್ಲಿ ಮಾಡಲು ತಂಪು ಪಾನೀಯವನ್ನು ನೇರವಾಗಿ ಒಲೆಗೆ ಏರಿಸುವವರನ್ನು ನೋಡಿದ್ದೇನೆ. ನಾನು ಪಾನೀಯವನ್ನು ಕುದಿಸುವುದೇ ಇಲ್ಲ. ಕುದಿಸಿದರೆ ಗ್ಯಾಸ್ ಪೂರ್ತಿ ಹೋಗಿ ಬಣ್ಣದ ಸಕ್ಕರೆ ನೀರಷ್ಟೇ ಉಳಿಯುತ್ತದೆ. ಜೊತೆಗೆ ಇವೆಲ್ಲ ಹುಳಿ ಇರುವಂಥವು. ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ, ಕಿತ್ತಳೆ ಮತ್ತು ನಿಂಬೆ ರುಚಿಯವುಗಳಲ್ಲಿ ಸಿಟ್ರಿಕ್ ಆಮ್ಲ. ಜೆಲ್ಲಿ ಕಟ್ಟಲು ನಾನು ಹಾಕುವ ಚೈನಾ ಗ್ರಾಸ್ ಹುಳಿಯ ಜೊತೆ ಕುದಿದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಚೈನಾ ಗ್ರಾಸ್ ಅಂದರೆ ಅಗರ್ ಅಗರ್, ಕೆಂಪು ಕಡಲಪಾಚಿಯಿಂದ ತೆಗೆದದ್ದು. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವುದರಿಂದ ನಮ್ಮ ಮನೆಗೆ ಒಗ್ಗದು. ಒಗ್ಗಿದ್ದರೂ ಏಪ್ರಿಲ್ ಸೆಕೆಯಲ್ಲಿ ಅದನ್ನು ನಂಬುವ ಹಾಗಿಲ್ಲ, ತಟ್ಟೆಯಲ್ಲೇ ಕರಗಿಬಿಡುತ್ತದೆ. ಅಗರ್ ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಗಟ್ಟಿಯಾಗುತ್ತದೆ. ಮತ್ತೆ ಕರಗಬೇಕಾದರೆ 85ರ ಆಸುಪಾಸಿಗೆ ಹೋಗಬೇಕು. ಕರೆಂಟ್ ಹೋದರೂ ಚಿಂತೆಯಿಲ್ಲ.

500 ಮಿಲಿಲೀಟರ್ ಪಾನೀಯಕ್ಕೆ ನನ್ನ ಅಳತೆ 200 ಮಿಲಿಲೀಟರ್ ನೀರು, 6 ಗ್ರಾಂ ಅಗರ್ ಪುಡಿ. ತಣ್ಣೀರಿಗೇ ಪುಡಿ ಉದುರಿಸಿ, ಕದಡಿ, ಆಮೇಲೆ ಒಲೆ ಹಚ್ಚುತ್ತೇನೆ. ಬಿಸಿನೀರಿಗೆ ಹಾಕಿದರೆ ಗಂಟುಕಟ್ಟುವುದು ಖಂಡಿತ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕೈಯಾಡಿಸಬೇಕು. ಸೌಟನ್ನು ಎತ್ತಿ ಬೆಳಕಿಗೆ ಹಿಡಿದಾಗ ಅದಕ್ಕೆ ಅಂಟಿದ ನೀರಿನಲ್ಲಿ ಒಂದು ಕಾಳು ಕಂಡರೂ ಇಳಿಸುವುದಿಲ್ಲ. ಎರಡು ಚಮಚ ಸಕ್ಕರೆಯನ್ನೂ ಇದಕ್ಕೇ ಹಾಕುತ್ತೇನೆ. ಕೋಲಾದಲ್ಲಿ 100 ಮಿಲಿಲೀಟರಿಗೆ ಹತ್ತು ಗ್ರಾಂ ದಾಟಿ ಸಕ್ಕರೆ ಇರುವಾಗ ಮತ್ತೇಕೆ ಎನ್ನಬಹುದು. ನೀರು ಸೇರಿ ಸಿಹಿ ತೆಳುವಾಗುತ್ತದೆ, ತಣ್ಣಗಿದ್ದಾಗ ನಾಲಿಗೆಗೆ ಇನ್ನೂ ಕಡಿಮೆ ಅನ್ನಿಸುತ್ತದೆ.

ಕೈಚಳಕ ಬೇಕಾಗುವುದು ಬೆರೆಸುವಾಗ. ಪಾನೀಯ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿರಬಾರದು. ಅಷ್ಟು ತಣ್ಣಗಿದ್ದರೆ ಅದು ತಾಗಿದಲ್ಲೇ ಅಗರ್ ಎಳೆ ಎಳೆಯಾಗಿ ಹೆಪ್ಪುಗಟ್ಟುತ್ತದೆ. ಹೊರಗಿಟ್ಟ ಬಾಟಲಿಯನ್ನು ಆಗ ತೆರೆದು, ಒಲೆಯಿಂದ ಇಳಿಸಿದ ಪಾತ್ರೆಯನ್ನು ವಾರೆ ಮಾಡಿ, ಅಂಚಿಗೆ ತಾಗಿ ಇಳಿಯುವಂತೆ ನಿಧಾನವಾಗಿ ಸುರಿಯುತ್ತೇನೆ. ಆದರೂ ನೊರೆ ಉಕ್ಕುತ್ತದೆ, ಪಾತ್ರೆ ದೊಡ್ಡದಿರಲಿ. ಎರಡು ಸುತ್ತು ತಿರುವಿ ತಕ್ಷಣ ತಟ್ಟೆಗೆ ಹೊಯ್ಯಬೇಕು. ನೊರೆಯನ್ನು ನಾನು ತೆಗೆಯುವುದಿಲ್ಲ. ಅದು ಫಿಲ್ಟರ್ ಕಾಫಿಯ ನೊರೆಯಂತೆ ಮೇಲೆ ಬಿಳಿ ಪದರವಾಗಿ ನಿಲ್ಲುತ್ತದೆ. ಮಕ್ಕಳು ಮೊದಲು ಕೀಳುವುದು ಅದನ್ನೇ.

ಇನ್ನು ರುಚಿ. ಗ್ಯಾಸಿನ ಬಹುಪಾಲು ಹೋಗಿಯೇ ಹೋಗುತ್ತದೆ, ಅದರೊಡನೆ ಆ ಚುರುಕೂ. ಕೋಲಾ ಜೆಲ್ಲಿ ಹಾಗಾಗಿ ಬರೀ ಸಿಹಿ. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡದೆ ಅದು ಬಾಯಿಗೆ ಹತ್ತುವುದಿಲ್ಲ. ಕಿತ್ತಳೆಯದು ನೋಡಲು ಚೆನ್ನ, ಅಷ್ಟೇ. ನನ್ನ ಮಟ್ಟಿಗೆ ಗೆದ್ದದ್ದು ಪುತ್ತೂರಿನ ಬಿಂದು ಜೀರಾ ಸೋಡಾ. ಗ್ಯಾಸ್ ಹೋದರೂ ಜೀರಿಗೆಯ ಘಮ, ಉಪ್ಪಿನ ರುಚಿ ಎರಡೂ ಜೆಲ್ಲಿಯಲ್ಲಿ ನಿಲ್ಲುತ್ತವೆ. ಊಟವಾದ ಮೇಲೆ ದೊಡ್ಡವರೂ ಕೇಳಿ ಹಾಕಿಸಿಕೊಳ್ಳುತ್ತಾರೆ.

ಮರುದಿನಕ್ಕೆ ಇಡುವುದು ಬೇಡ, ನೀರು ಬಿಟ್ಟುಕೊಂಡು ರಬ್ಬರಿನಂತಾಗುತ್ತದೆ. ಆ ದಿನವೇ ಚೌಕವಾಗಿ ಕತ್ತರಿಸಿ ಲೋಟಕ್ಕೆ ಹಾಕಿ, ಮೇಲೆ ತಣ್ಣನೆಯ ಸೋಡಾ ಸುರಿದು ಕೊಡಿ. ಕಳೆದುಹೋದ ಚುರುಕು ಹಾಗೆ ಸ್ವಲ್ಪ ವಾಪಸ್ ಸಿಗುತ್ತದೆ.