ಆರ್ಗನ್ ಬೆಂಚಿನ ಮೇಲೆ ಕೂರುವ ಮುಂಚೆ

ಮಂಗಳೂರಿನ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, 26 ವರ್ಷಗಳಿಂದ ಆರ್ಗನ್ ನುಡಿಸುತ್ತಿದ್ದೇನೆ. ಕ್ವಾಯರ್, ಅಂದರೆ ಹಾಡುವ ತಂಡ, ಕೂಡ ನನ್ನದೇ ತಲೆನೋವು. ವಾರದ ದಿನಗಳಲ್ಲಿ ಬ್ಯಾಂಕ್ ಕೆಲಸ. ಚರ್ಚ್‌ನಲ್ಲಿ ಆರ್ಗನ್ ನುಡಿಸಬೇಕು ಅಂದುಕೊಂಡವರಿಗೆ ಈ ಬ್ಯಾಂಕ್ ವಿಷಯ ಮೊದಲೇ ಹೇಳಿದ್ದು ಸುಮ್ನೆ ಅಲ್ಲ. ಗೌರವಧನ ಪೆಟ್ರೋಲಿಗೆ ಸರಿಹೋಗುತ್ತದೆ. ಮದುವೆಗೆ ನುಡಿಸಿದರೆ ಸ್ವಲ್ಪ ಜಾಸ್ತಿ. ಮಕ್ಕಳಿಗೆ ಪಿಯಾನೊ ಹೇಳಿಕೊಟ್ಟರೆ ಇನ್ನಷ್ಟು. ಮನೆ ನಡೆಸಲು ಬೇರೆ ದಾರಿ ಇಟ್ಟುಕೊಂಡೇ ಬನ್ನಿ.

ಪಿಯಾನೊದಿಂದ ಶುರು ಮಾಡಿ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆ ಕಟ್ಟಿದರೆ ಒಳ್ಳೆಯದು, ನೊಟೇಶನ್ (ಸ್ವರಲಿಪಿ) ಓದುವ ಅಭ್ಯಾಸ ಗಟ್ಟಿಯಾಗುತ್ತದೆ. ಆದರೆ ಆರ್ಗನ್‌ಗೆ ಬಂದಾಗ ಒಂದು ವಿಷಯ ಮರೆಯಬೇಕು. ಪಿಯಾನೊದಲ್ಲಿ ಕಾಲಿನ ಪೆಡಲ್ ಒತ್ತಿ ಸ್ವರ ಎಳೆಯಬಹುದು. ಇಲ್ಲಿ ಬೆರಳು ಎತ್ತಿದ ಕೂಡಲೇ ಸ್ವರ ಕಟ್. ಎತ್ತದಿದ್ದರೆ ಅದು ನಿಲ್ಲುವುದೇ ಇಲ್ಲ. ಹಾಗಾಗಿ ಒತ್ತಿದ ಕೀ ಬಿಡದೆ ಅದರ ಮೇಲೆಯೇ ಬೆರಳು ಬದಲಾಯಿಸುವುದನ್ನು ದಿನಾ ಹತ್ತು ನಿಮಿಷ ಅಭ್ಯಾಸ ಮಾಡಿ.

ನನ್ನ ಮೊದಲ ಭಾನುವಾರ ಒಂದು ಸ್ವರವೂ ತಪ್ಪಲಿಲ್ಲ. ಆರಾಧನೆ ಮುಗಿದ ಮೇಲೆ ಮುಂದಿನ ಬೆಂಚಿನ ಅಜ್ಜಿ ಬಂದು, "ನಮಗೆ ಉಸಿರು ತೆಗೀಲಿಕ್ಕೆ ಬಿಡು ಮಾರಾಯ್ತಿ" ಅಂದರು. ಯಂತ್ರಕ್ಕೆ ಉಸಿರು ಬೇಡ, ಅಜ್ಜಿಗೆ ಬೇಕಲ್ವಾ? ಅಂದಿನಿಂದ ನುಡಿಸುವಾಗ ಬಾಯಲ್ಲಿ ಗೀತೆಯ ಮಾತು ಹಾಡಿಕೊಳ್ಳುತ್ತೇನೆ. ನನಗೆ ಉಸಿರು ಬೇಕಾದಲ್ಲಿ ಕೈ ಎತ್ತುತ್ತೇನೆ. ಪ್ರತಿ ಚರಣ ಮುಗಿದ ಮೇಲೆ ಒಂದು ಪೂರ್ತಿ ಉಸಿರು. ಸಾಲಿನ ಮಧ್ಯೆ ಮಾತ್ರ ಯಾರಿಗೂ ಕಾಯಬೇಡಿ. ಹಿಂದಿನ ಬೆಂಚಿನ ಹಾಡು ನಿಮ್ಮ ಕಿವಿಗೆ ತಡವಾಗಿಯೇ ಬರುತ್ತದೆ. ನೀವು ಅವರಿಗೆ ಕಾದರೆ ಅವರು ನಿಮಗೆ ಕಾಯುತ್ತಾರೆ. ಐದನೇ ಚರಣ ಬರುವಾಗ ಮದುವೆಯ ಗೀತೆಯೂ ಶವಸಂಸ್ಕಾರದ ಗೀತೆ ಆಗಿರುತ್ತದೆ.

ಇನ್ನು ನಮ್ಮ ಭಾಷೆಯದೇ ಒಂದು ತೊಡಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದವರು. ಅವರ ಜೊತೆ ಜರ್ಮನ್ ರಾಗಗಳೂ ಬಂದವು, ಅವಕ್ಕೆ ಕನ್ನಡದ ಮಾತು ಕೂರಿಸಿದರು. ನಿಘಂಟಿನ ಕಿಟೆಲ್ ಕೂಡ ಕನ್ನಡದಲ್ಲಿ ಗೀತೆ ಬರೆದವರೇ. ರಾಗದ ಹತ್ತಿರ 8.7.8.7 ಅಂತ ಅಂಕೆ ಕಂಡರೆ ಅದು ಸಾಲಿನ ಅಕ್ಷರಗಳ ಲೆಕ್ಕ. ಲೆಕ್ಕ ಸರಿ ಇದ್ದರೂ ಉದ್ದದ ಸ್ವರ ಗಿಡ್ಡ ಅಕ್ಷರದ ಮೇಲೆ ಬೀಳಬಹುದು. ಆಗ 'ದೇವರ' ಹೋಗಿ 'ದೇವಾರ' ಆಗುತ್ತದೆ. ಅದೇ ಅಂಕೆಯ ಬೇರೆ ರಾಗ ಹಾಕಿ ನೋಡಬಹುದು. ಆದರೆ ಹಿರಿಯರಿಗೆ ಮೊದಲೇ ತಿಳಿಸಿ. ನಾನು ತಿಳಿಸದೆ ಒಮ್ಮೆ ಬದಲಾಯಿಸಿದ್ದೆ, ಮೂರು ವಾರ ಬೈಗುಳ ತಿಂದೆ.

ಕ್ವಾಯರ್ ಪ್ರಾಕ್ಟೀಸ್ ಶನಿವಾರ ಐದೂವರೆಗೆ ಅಂತ ಹೇಳಿ. ಆರು ಗಂಟೆಗೆ ಶುರುವಾಗುತ್ತದೆ. ಮೊದಲು ಬೇಸ್‌ನವರಿಗೆ (ಗಂಡಸರ ತಗ್ಗು ದನಿ) ಅವರ ಸಾಲು ಬೇರೆಯಾಗಿ ಕಲಿಸಿ, ಆಮೇಲೆ ಟೆನರ್ (ಗಂಡಸರ ಎತ್ತರದ ದನಿ), ಆಲ್ಟೊ (ಹೆಂಗಸರ ತಗ್ಗು ದನಿ). ಸೊಪ್ರಾನೊ (ಹೆಂಗಸರ ಎತ್ತರದ ದನಿ) ಕೊನೆಗೆ ಸಾಕು, ರಾಗ ಅವರಿಗೆ ಹೇಗೂ ಗೊತ್ತು. ಐದು ಗೆರೆಯ ಸ್ಟಾಫ್ ನೊಟೇಶನ್ ಬಾರದವರಿಗೆ ಡೊ ರೆ ಮಿ ಅಕ್ಷರದಲ್ಲಿ ಬರೆದುಕೊಡಿ. ನಮ್ಮ ಷಡ್ಜದ ಹಾಗೆಯೇ ಡೊ ಎಲ್ಲಿ ಬೇಕಾದರೂ ಕೂರುತ್ತದೆ. ಕರ್ನಾಟಕ ಸಂಗೀತ ಕಲಿತ ಟೆನರ್ ಒಬ್ಬರು ನಮ್ಮಲ್ಲಿದ್ದಾರೆ. ದನಿ ಬಂಗಾರ, ಆದರೆ ಸ್ವರ ಆಡಿಸಿಬಿಡುತ್ತಾರೆ, ನಾಲ್ಕು ದನಿ ಸೇರುವ ಜಾಗ ಒಡೆಯುತ್ತದೆ. "ಅಣ್ಣಾ, ಇಲ್ಲಿ ಗಮಕ ಬೇಡ, ನೇರ ನಿಲ್ಲಿ" ಅಂತ ಪ್ರತಿ ವಾರ ಹೇಳುತ್ತೇನೆ.

ಆರಾಧನೆಯಲ್ಲಿ ಎರಡು ಕೈಯೂ ಕೀಬೋರ್ಡ್ ಮೇಲಿರುತ್ತವೆ. ಕ್ವಾಯರಿಗೆ ಸನ್ನೆ ಮಾಡಲು ತಲೆ, ಹುಬ್ಬು ಮಾತ್ರ. ಎಲ್ಲರ ಮುಖ ಕಾಣುವ ಹಾಗೆ ಒಂದು ಚಿಕ್ಕ ಕನ್ನಡಿ ಕಟ್ಟಿಕೊಳ್ಳಿ.

ಮತ್ತೆ, ಹಳೇ ಹಾರ್ಮೋನಿಯಂ ಬಿಸಾಡಬೇಡಿ. ನಮ್ಮದು ಕರೆಂಟಿನ ಆರ್ಗನ್, ಜುಲೈ ಮಳೆಗೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಶನಿವಾರವೇ ತಿದಿ ಒತ್ತಿ ನೋಡಿ. ಇಲಿ ಕಚ್ಚಿರುತ್ತದೆ.